ರೊಟ್ಟಿ ಖಾನಾವಳಿಗೆ ಎಲಿವೇಷನ್

ಹೈದರಾಬಾದಿನಲ್ಲಿ ಆರ್ಕಿಟೆಕ್ಟ್ ಆದವನಿಗೆ ನಗೆಪ್ರಸಂಗಗಳಿಗೇನೂ ಬರವಿಲ್ಲ. ಅವೆಲ್ಲ ನಕ್ಷೆ ಪಾಸು ಮಾಡಿಸಲು ಹೋದಾಗಲೇ ಎದುರಾಗುತ್ತವೆ, ಆ ಹೊತ್ತಿನಲ್ಲಿ ನನಗೆ ಮಾತ್ರ ಒಂದಿಷ್ಟೂ ನಗು ಬರುವುದಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳುತ್ತೇನೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆಮೇಲೆ, "ಇಂಥಾವೆಲ್ಲ ನಿಮಗ ಹುಡುಕ್ಕೊಂಡು ಬಂದು ಗಂಟು ಬೀಳ್ತಾವೇನ್ರಿ?" ಎಂದು ಕೇಳುತ್ತಾಳೆ. ಹೌದು, ನನಗೇ ಗಂಟು ಬೀಳುತ್ತವೆ. ಅದರಲ್ಲೂ ಖಾನಾವಳಿಯ ನಕ್ಷೆ ಬಿದ್ದ ಗಂಟಿದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಖಾನಾವಳಿ ನಾಚಾರಂನಲ್ಲಿದೆ. ಸುತ್ತ ಸಣ್ಣಪುಟ್ಟ ಕಾರ್ಖಾನೆಗಳು, ನಡುವೆ ಒಂದು ಬಾಡಿಗೆ ಶೆಡ್ಡು, ಅದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ. ನಡೆಸುವವರು ವಿಜಯಪುರದ ಕಡೆಯ ಹೆಂಗಸು. ಗಂಡ ಇಲ್ಲ. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಅಕ್ಕಾರು ಅಂತಲೇ ಕರೆಯುತ್ತಾರೆ. ನಮ್ಮ ಅಜ್ಜನ ಕಾಲಕ್ಕೇ ನಾವು ಕಲಬುರಗಿ ಬಿಟ್ಟು ಇಲ್ಲಿ ಸೇರಿದವರಾದರೂ ರೊಟ್ಟಿಯ ಚಟ ಬಿಟ್ಟಿಲ್ಲ. ಹಾಗಾಗಿ ನಾನೂ ಅಲ್ಲಿಯ ಕಾಯಂ ಗಿರಾಕಿ.

ಒಂದು ದಿನ ಅಕ್ಕಾರು ನನ್ನ ತಾಟಿನ ಮುಂದೆ ಬಂದು ಕೂತರು. ಶೆಡ್ಡಿನ ಮಾಲೀಕ ಅಲ್ಲಿ ಗೋದಾಮು ಕಟ್ಟುತ್ತಾನಂತೆ, ದಸರೆಯೊಳಗೆ ಜಾಗ ಖಾಲಿ ಮಾಡಬೇಕಂತೆ. ಅಕ್ಕಾರ ಗಂಡ ಬದುಕಿದ್ದಾಗ ಅಲ್ಲೇ ಹತ್ತಿರದ ಮೇನ್ ರೋಡಿನಲ್ಲಿ ತೆಗೆದಿಟ್ಟ ಸಣ್ಣದೊಂದು ಪ್ಲಾಟಿತ್ತು.

"ಅಲ್ಲಿ ಕಟ್ಟಿ ಕೊಡ್ರಿ ಸಾಹೇಬ್ರ. ದಸರಾಕ್ಕ ಒಲಿ ಹೊತ್ತಬೇಕು ನೋಡ್ರಿ. ಇಲ್ಲಂದ್ರ ನನ್ನ ರೊಟ್ಟಿ ಬಡಿಯೋ ಹೆಣ್ಣಮಕ್ಕಳೆಲ್ಲ ಊರಿಗೆ ಹೊಕ್ಕಾರ. ಹೋದವರು ತಿರುಗಿ ಬರಂಗಿಲ್ಲ. ಅವರು ಹೋದ್ರಂದ್ರ ನನ್ನ ಖಾನಾವಳಿ ಮುಗೀತು" ಎಂದರು.

ಕೆಳಗೆ ಖಾನಾವಳಿ, ಮೇಲೆ ಮೂರು ಮಹಡಿ ಆಫೀಸುಗಳಿಗೆ ಬಾಡಿಗೆಗೆ ಕೊಡೋಣ ಎಂಬುದು ಅಕ್ಕಾರ ಅಳಿಯನ ಆಸೆ. ನನಗೂ ಮೇನ್ ರೋಡಿನಲ್ಲಿ ನಾಲ್ಕು ಜನ ನೋಡುವಂಥದ್ದೊಂದು ಕಟ್ಟಬೇಕೆಂಬ ಚಪಲ. ಆ ರಸ್ತೆಯಲ್ಲಿ ಮಹಡಿ ಎಬ್ಬಿಸಿ ವ್ಯಾಪಾರದ ಕಟ್ಟಡ ಕಟ್ಟುವವರು ವಿನ್ಯಾಸ ಸಮಿತಿಯ ಒಪ್ಪಿಗೆ ಪಡೆಯಬೇಕು. ಸಮಿತಿ ಕೂಡುವುದು ನಾಂಪಲ್ಲಿಯ ಒಂದು ಹಳೇ ಕಚೇರಿಯಲ್ಲಿ. ಅದರಲ್ಲಿ ನಾಲ್ಕು ಜನ. ಅಧ್ಯಕ್ಷರು ನಿವೃತ್ತ ಎಂಜಿನಿಯರು. ಉಳಿದ ಮೂವರಲ್ಲಿ ಒಬ್ಬರು ಬೆಂಕಿಯ ಕಡೆಯವರು, ಒಬ್ಬರು ಗಿಡಮರದ ಕಡೆಯವರು, ಒಬ್ಬರು ಟ್ರಾಫಿಕ್ ಕಡೆಯವರು. ಮಾತೆಲ್ಲ ತೆಲುಗು, ಉರ್ದು, ಇಂಗ್ಲಿಷಿನ ಕಲಸುಮೇಲೋಗರ. ಓದುವವರಿಗೆ ತ್ರಾಸಾಗಬಾರದೆಂದು ನಾನು ಕನ್ನಡದಲ್ಲೇ ಹೇಳುತ್ತೇನೆ.

೧. ಕೋಟಿನ ಹೆಂಗಸು

ಸಮಿತಿಯವರಿಗೆ ಬರೀ ನಕ್ಷೆ ಸಾಲದು. ಎಲಿವೇಷನ್, ಅಂದರೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ತೋರಿಸುವ ಬಣ್ಣದ ಚಿತ್ರವೂ ಬೇಕು. ಅಂಥ ಚಿತ್ರ ಮಾಡಿಕೊಡುವ ಏಜೆನ್ಸಿಗಳು ಮಾದಾಪುರದಲ್ಲಿ ಗಲ್ಲಿಗೊಂದಿವೆ. ಒಬ್ಬರಿಗೆ ಕೊಟ್ಟೆ. ಕಟ್ಟಡ ಚೆನ್ನಾಗಿಯೇ ಬಂತು. ಅದರ ಮುಂದೆ ಮಾತ್ರ ಮೊಣಕಾಲಿನ ತನಕ ಉಣ್ಣೆಯ ಕೋಟು ತೊಟ್ಟ ಒಬ್ಬ ಬಿಳಿ ಹೆಂಗಸು, ಕೈಯಲ್ಲಿ ಕಾಫಿ ಕಪ್ಪು, ಪಕ್ಕದಲ್ಲಿ ಮೈತುಂಬ ಕೂದಲಿನ ನಾಯಿ.

ಅಕ್ಕಾರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಈಕಿ ಯಾರ್ರೀ? ಇಂಥಾ ಉರಿಬಿಸಲಾಗ ಉಣ್ಣಿ ಕೋಟು ಹಾಕ್ಕೊಂಡಾಳಲ್ಲ, ಮೈಯಾಗ ಆರಾಮ ಇಲ್ಲೇನು?"

ಚಿತ್ರಕ್ಕೆ ಶೋಭೆ ಬರಲಿ ಎಂದು ಹಾಕಿರುತ್ತಾರೆ ಎಂದೆ. ಸಮಿತಿಯಲ್ಲೂ ಅದೇ ಪ್ರಶ್ನೆ ಬಂತು. ಅಧ್ಯಕ್ಷರು ಕನ್ನಡಕ ಏರಿಸಿ, "ಈಮೆ ಎವರಂಡೀ? ನಾಚಾರಂನಲ್ಲಿ ಇಂಥವರು ಇದ್ದಾರಾ? ಜನ ಲೋಕಲ್ ಆಗಿರಬೇಕು. ಬದಲಾಯಿಸಿ, ಮುಂದಿನ ಸಭೆಗೆ ತನ್ನಿ" ಎಂದರು. ಕಟ್ಟಡದ ಬಗ್ಗೆ ಆ ದಿನ ಯಾರೂ ತುಟಿ ಬಿಚ್ಚಲಿಲ್ಲ.

ಮಾದಾಪುರಕ್ಕೆ ಫೋನು ಮಾಡಿ, ನಮ್ಮ ದೇಶದ ಜನರನ್ನು ಹಾಕಿ ಮಾರಾಯರೇ ಎಂದೆ. ಸಭೆಯ ದಿನ ಬೆಳಿಗ್ಗೆ ಹೊಸ ಚಿತ್ರ ಬಂತು. ತೆರೆದು ನೋಡಲೂ ಹೊತ್ತಿರಲಿಲ್ಲ, ಹಾಗೇ ಒಯ್ದು ಮೇಜಿನ ಮೇಲೆ ಬಿಚ್ಚಿದೆ. ಖಾನಾವಳಿಯ ಮುಂದೆ ಕೆಂಪು ರುಮಾಲು ಸುತ್ತಿದ ರಾಜಸ್ಥಾನದ ಮಂದಿ ಸಾಲಾಗಿ ನಿಂತಿದ್ದರು, ಅವರ ನಡುವೆ ಒಂದು ಒಂಟೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಏಜೆನ್ಸಿಯವರ ಹತ್ತಿರ ಭಾರತೀಯರ ಸ್ಟಾಕು ಅದೊಂದೇ ಇತ್ತಂತೆ.

ಸಮಿತಿಯವರು ಬಹಳ ಹೊತ್ತು ನೋಡಿದರು. ಕೊನೆಗೆ ಟ್ರಾಫಿಕ್ ಅಧಿಕಾರಿ ಗಂಭೀರವಾಗಿ ಕೇಳಿದರು: "ಜನ ಸರಿ ಇದ್ದಾರೆ. ಒಂಟೆಗೆ ಪಾರ್ಕಿಂಗ್ ಎಲ್ಲಿ ತೋರಿಸಿದ್ದೀರಿ?"

೨. ಮರ

ಒಂಟೆಯನ್ನು ತೆಗೆಸಿದೆ. ಜನರನ್ನೂ ತೆಗೆಸಿದೆ. ಆದರೆ ಮುಂದಿನ ಚಿತ್ರದಲ್ಲಿ ಮೂಲೆಯಲ್ಲಿ ಒಂದು ಮರ ಇತ್ತು. ಅದರ ಮೇಲೆ ನನ್ನ ಕಣ್ಣು ಬೀಳಲಿಲ್ಲ. ಗಿಡಮರದ ಅಧಿಕಾರಿಯ ಕಣ್ಣು ಬಿತ್ತು.

"ಮುಂದಿನಿಂದ ನೋಡಿದರೆ ಇಲ್ಲೊಂದು ಮರ ಇದೆ. ಪಕ್ಕದಿಂದ ನೋಡಿದ ಚಿತ್ರದಲ್ಲಿ ಇಲ್ಲ. ಮರ ಎಲ್ಲಿ ಹೋಯಿತು?"

"ಅದು ಕಂಪ್ಯೂಟರಿನ ಮರ ಸರ್. ಪ್ಲಾಟಿನಲ್ಲಿ ಮರ ಇಲ್ಲ."

"ಇಲ್ಲದ್ದನ್ನು ಯಾಕೆ ತೋರಿಸಿದಿರಿ?"

"ಶೋಭೆಗೆ ಸರ್."

ಅವರಿಗೆ ಸಮಾಧಾನವಾಗಲಿಲ್ಲ. ತೋರಿಸಿದ ಮೇಲೆ ಅದು ದಾಖಲೆ, ದಾಖಲೆಯಲ್ಲಿದ್ದ ಮರ ಕಾಣೆಯಾಗಿದೆ ಎಂದರೆ ವಿಚಾರಿಸುವುದು ನನ್ನ ಡ್ಯೂಟಿ ಎಂದರು. ಇನ್ಸ್‌ಪೆಕ್ಟರೊಬ್ಬರನ್ನು ಪ್ಲಾಟಿಗೆ ಕಳಿಸಿದರು. ಅವರು ಬಂದು ಬೋಳು ನೆಲವನ್ನು ಸುತ್ತು ಹಾಕಿ ನೋಡಿ ಹೋದರು. ವರದಿ ಬಂತು: ಸ್ಥಳದಲ್ಲಿ ಮರ ಇಲ್ಲ, ಪರವಾನಗಿ ಪಡೆಯುವ ಮೊದಲೇ ಕಡಿದಂತೆ ಕಾಣುತ್ತದೆ.

ನಾನು ಕೂಗಾಡಿದೆ. ಕಡಿದಿದ್ದರೆ ಬುಡ ಇರಬೇಕಲ್ಲ ಸರ್, ಬೇರು ಇರಬೇಕಲ್ಲ ಎಂದೆ. "ಅದೇ ನಮಗೂ ಆಶ್ಚರ್ಯ, ಬೇರುಸಹಿತ ತೆಗೆದಿದ್ದೀರಿ" ಎಂದರು ಅಧಿಕಾರಿ. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ, ಸುತ್ತಲೂ ಕಬ್ಬಿಣದ ಕಪಾಟುಗಳೇ ಇದ್ದವು. ಕಡಿದ ಮರದ ಬದಲಿಗೆ ಸಸಿ ನೆಟ್ಟು ಫೋಟೋ ತೋರಿಸಬೇಕೆಂದು ಹುಕುಂ ಆಯಿತು. ಅಷ್ಟರಲ್ಲಿ ಶ್ರಾವಣ ಹತ್ತಿರ ಬಂದಿತ್ತು. ವಾದ ಮಾಡುತ್ತ ಕೂತರೆ ಅಕ್ಕಾರ ದಸರೆ ಕೆಡುತ್ತದೆ.

ಅಕ್ಕಾರಿಗೆ ವಿಷಯ ತಿಳಿಸುವಾಗ ನನ್ನ ಮುಖ ಇಷ್ಟೇ ಆಗಿತ್ತು. ಅವರು ಬೈಯಲಿಲ್ಲ. ಎಣ್ಣೆಯ ಖಾಲಿ ಡಬ್ಬಿಗಳಲ್ಲಿ ಮಣ್ಣು ತುಂಬಿ ಕರಿಬೇವು, ನುಗ್ಗೆ ನೆಟ್ಟು, ಪ್ಲಾಟಿನ ಮೂಲೆಯಲ್ಲಿ ಸಾಲಾಗಿ ಇಡಿಸಿದರು. "ಯಾವ ಗಿಡಾ ಕಡದೀನಿ ಅಂತ ಗೊತ್ತಿಲ್ಲ. ನುಗ್ಗಿಕಾಯರ ಸಾರಿಗೆ ಆಕ್ಕಾವ" ಎಂದರು.

ಫೋಟೋ ನೋಡಿದ ಅಧಿಕಾರಿಗೆ ಬಹಳ ಸಂತೋಷವಾಯಿತು. ಬಾಗಿಲ ತನಕ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಮಗನಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: "ಮುಂದಿನ ಸಲ ಚಿತ್ರದಲ್ಲಿ ಸಣ್ಣ ಮರ ಹಾಕಿ. ಸಣ್ಣದಾದರೆ ಕಡಿಯಲಿಕ್ಕೆ ಪರವಾನಗಿ ಬೇಗ ಸಿಗುತ್ತದೆ."

೩. ನಾಲ್ಕು ಮಿನಾರು

ಅಂತೂ ನಾಲ್ಕನೆಯ ಸಭೆಯಲ್ಲಿ ಕಟ್ಟಡದ ಮಾತು ಬಂತು. ಅಧ್ಯಕ್ಷರಿಗೆ ಕಟ್ಟಡ ಬೋಳುಬೋಳಾಗಿ ಕಂಡಿತು. "ಹೈದರಾಬಾದಿನಲ್ಲಿ ಕಟ್ಟುತ್ತಿದ್ದೀರಿ, ನಾಲ್ಕು ಮೂಲೆಗೆ ನಾಲ್ಕು ಮಿನಾರು ಇರಲಿ" ಎಂದರು. ಬೆಂಕಿಯ ಅಧಿಕಾರಿಗೆ ಹೈಟೆಕ್ ಸಿಟಿಯ ಹಾಗೆ ಮುಂಭಾಗವೆಲ್ಲ ಗಾಜು ಇರಬೇಕು. ಗಾಜು ಹಾಕಿದರೆ ಒಳಗೆ ರೊಟ್ಟಿಯ ಒಲೆಯ ಬಿಸಿಗೆ ಜನ ಬೇಯುತ್ತಾರೆ ಎಂದೆ. "ಎಸಿ ಹಾಕಿಸಿ" ಎಂದರು. ಹಂಚು ಕಾಯಿಸಿ ರೊಟ್ಟಿ ಸುಡುವ ಕಡೆ ಎಸಿ! ಹಲ್ಲು ಕಚ್ಚಿ "ಯಸ್ ಸರ್" ಎಂದೆ.

ಗಾಜಿನ ಕಟ್ಟಡಕ್ಕೆ ಮಿನಾರು ಹಚ್ಚಿ ತೆಗೆದುಕೊಂಡು ಹೋದೆ. ಹಾಗೆ ಮಾಡಬಾರದೆಂದು ಕಾಲೇಜಿನಲ್ಲಿ ನಮಗೆ ಬೈದು ಕಲಿಸಿದ್ದ ಮೇಷ್ಟ್ರು ಕಣ್ಣ ಮುಂದೆ ಬಂದರು. ಇರಲಿ, ಅವರೇನು ಖಾನಾವಳಿ ಪಾಸು ಮಾಡಿಸಬೇಕಿರಲಿಲ್ಲ.

ಅಕ್ಕಾರಿಗೆ ತೋರಿಸಿದರೆ, "ಭಾಳ ಛಲೋ ಐತ್ರಿ. ಇದರಾಗ ರೊಟ್ಟಿ ಎಲ್ಲಿ ಬಡೀಬೇಕು?" ಎಂದು ಕೇಳಿದರು. ಹಿಂದಿನ ಮೂಲೆ ತೋರಿಸಿದೆ. ಅವರು ನಿಟ್ಟುಸಿರು ಬಿಟ್ಟು ಚಿತ್ರ ವಾಪಸು ಕೊಟ್ಟರು.

ಸಭೆಯಲ್ಲಿ ಅಧ್ಯಕ್ಷರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿದರು. ಅವರ ಮುಖ ಕಹಿಯಾಯಿತು. "ಏನ್ರೀ ಇದು? ಗಾಜು, ಮಿನಾರು! ಹೊರಗೆ ಹೋಗಿ ನೋಡಿ, ಇಲ್ಲೇ ನಾಂಪಲ್ಲಿ ಎಕ್ಸಿಬಿಷನ್ನಿನ ಗೇಟು ಹೀಗೇ ಇರುತ್ತದೆ. ಆರ್ಕಿಟೆಕ್ಟ್ ಆದವರಿಗೆ ಸ್ವಂತ ಅಭಿಪ್ರಾಯ ಅಂತ ಒಂದು ಬೇಡವೇ?"

೪. ಬೆಂಕಿಯಿಂದ ರಕ್ಷಣೆ

ಮಿನಾರು, ಗಾಜು ತೆಗೆಯಿರಿ ಎಂದು ಮಾತ್ರ ಯಾರೂ ಹೇಳಲಿಲ್ಲ, ಅವು ನಕ್ಷೆಯಲ್ಲೇ ಉಳಿದವು. ಬೆಂಕಿಯ ಅಧಿಕಾರಿ ಎರಡನೆಯ ಮೆಟ್ಟಿಲು ಕೇಳಿದರು. ಈ ವಿಷಯದಲ್ಲಿ ನಾನು ಅವರ ಕಡೆಯವನೇ. ಬೆಂಕಿ ಬಿದ್ದರೆ ಜನ ಇಳಿಯಲು ಇನ್ನೊಂದು ದಾರಿ ಬೇಕು, ಅದರಲ್ಲಿ ತಮಾಷೆ ಇಲ್ಲ. ಹಾಕಿಕೊಟ್ಟೆ.

ತಮಾಷೆ ಶುರುವಾದದ್ದು ಅಧ್ಯಕ್ಷರ ಕಡೆಯಿಂದ. ಆ ಮೆಟ್ಟಿಲು ಈಶಾನ್ಯಕ್ಕೆ ಬಂದಿತ್ತು. ವಾಸ್ತು ಪ್ರಕಾರ ಅಲ್ಲಿ ಭಾರ ಇರಕೂಡದಂತೆ. ನೈಋತ್ಯಕ್ಕೆ ಒಯ್ದೆ. ಅಲ್ಲಿ ಮೊದಲನೆಯ ಮೆಟ್ಟಿಲು ಹತ್ತಿರವಾಗುತ್ತದೆ, ಎರಡೂ ದೂರ ಇರಬೇಕು ಎಂದರು ಬೆಂಕಿಯವರು. ಮೊದಲನೆಯದನ್ನು ಸರಿಸಿದೆ. ಅದು ಟಾಯ್ಲೆಟ್ಟಿನ ಜಾಗಕ್ಕೆ ಬಂತು. ಟಾಯ್ಲೆಟ್ಟು ನಡುವಿಗೆ ಬಂತು. ನಡುವೆ ಬ್ರಹ್ಮಸ್ಥಾನ, ಅಲ್ಲಿ ಟಾಯ್ಲೆಟ್ಟು ಎಂದರೆ ಮನೆತನವೇ ಹಾಳು ಎಂದು ಅಧ್ಯಕ್ಷರು ಎದೆ ಮುಟ್ಟಿಕೊಂಡರು. ಅದನ್ನೂ ಸರಿಸಿದೆ. ಮೆಟ್ಟಿಲುಗಳನ್ನು ಅಗಲ ಮಾಡಿ ಎಂದರು, ಮಾಡಿದೆ. ಮೆಟ್ಟಿಲಿಂದ ಮೆಟ್ಟಿಲಿಗೆ ಓಡಾಡಲು ಪಡಸಾಲೆ ಬೇಕು ಎಂದರು, ಕೊಟ್ಟೆ.

ಮೊದಲೇ ಪ್ಲಾಟು ಅಂಗೈಯಷ್ಟಗಲ. ಕೊನೆಗೆ ಒಂದೊಂದು ಮಹಡಿಯಲ್ಲಿ ಉಳಿದದ್ದು ಎರಡು ಮೆಟ್ಟಿಲು, ಒಂದು ಪಡಸಾಲೆ, ಒಂದು ಟಾಯ್ಲೆಟ್ಟು. ಆಫೀಸಿಗೆಂದು ಉಳಿದ ಜಾಗದಲ್ಲಿ ಒಂದು ಕುರ್ಚಿ ಇಟ್ಟರೆ ಬಾಗಿಲು ತೆರೆಯುತ್ತಿರಲಿಲ್ಲ.

ಬೆಂಕಿಯ ಅಧಿಕಾರಿ ಮಾತ್ರ ನಕ್ಷೆಯನ್ನು ತೃಪ್ತಿಯಿಂದ ಸವರಿದರು. "ಈಗ ನೋಡಿ. ಬೆಂಕಿ ಬಿದ್ದರೂ ಒಬ್ಬರ ಜೀವಕ್ಕೂ ಅಪಾಯ ಇಲ್ಲ."

"ಹೌದು ಸರ್," ಎಂದೆ. "ಒಳಗೆ ಯಾರೂ ಹಿಡಿಸುವುದೇ ಇಲ್ಲವಲ್ಲ."

"ಎಗ್ಜಾಕ್ಟ್ಲಿ!" ಎಂದರು ಅವರು.

೫. ಸ್ಥಳ ಪರಿಶೀಲನೆ

ಟ್ರಾಫಿಕ್ ಅಧಿಕಾರಿ ತಮ್ಮ ಪಾಳಿಗಾಗಿ ಕಾಯುತ್ತಿದ್ದರು. ಇಷ್ಟು ಮಹಡಿಯ ಕಟ್ಟಡಕ್ಕೆ ಕಾರು ನಿಲ್ಲಿಸಲು ಜಾಗ ಎಲ್ಲಿ ಎಂದರು. ನೆಲಮಹಡಿಯನ್ನು ಪೂರ್ತಿ ಕಾರುಗಳಿಗೆ ಬಿಡಿ, ಖಾನಾವಳಿ ಮೇಲೆ ಹೋಗಲಿ ಎಂದರು. ಉಣ್ಣಲು ಬರುವವರು ಕಾರ್ಖಾನೆಯ ಮಂದಿ, ಗಂಟೆ ಹೊಡೆದ ಕೂಡಲೇ ನಡೆದುಕೊಂಡು ಬಂದು ಉಂಡು ನಡೆದುಕೊಂಡೇ ಹೋಗುತ್ತಾರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಅಕ್ಕಾರಿಗೆ ಆ ದಿನ ನಿಜವಾಗಿ ಸಿಟ್ಟು ಬಂತು. "ಕೆಳಗ ಕಾರ ನಿಂದರಸಬೇಕಂತ? ನಾ ಏನು ಕಾರಿಗೆ ರೊಟ್ಟಿ ತಿನ್ನಸ್ಲೇನ್ರಿ? ದಸರಾ ಹತ್ರ ಬರಾಕತ್ತೈತಿ. ಶೆಡ್ಡಿನವ ದಿನಾ ಬಂದು ನಿಂತು ನೋಡಿ ಹೋಗಾಕತ್ತಾನ. ಇಬ್ಬರು ಹುಡುಗ್ಯಾರು ಆಗಲೇ ಗಂಟು ಕಟ್ಟಿಟ್ಟಾರ್ರಿ. ಅವರಿಗೆ ನಾ ಏನಂತ ಹೇಳಲಿ?" ಎಂದರು. ತಾಟಿನಲ್ಲಿದ್ದ ರೊಟ್ಟಿ ಹಾಗೇ ಬಿಟ್ಟು ನಾಂಪಲ್ಲಿಗೆ ಹೊರಟೆ.

ಒಮ್ಮೆ ನೀವೇ ಬಂದು ಕಣ್ಣಾರೆ ನೋಡಿ ಎಂದು ಸಮಿತಿಯ ಕೈಕಾಲು ಹಿಡಿದೆ. ಬಂದರು. ನಾಲ್ಕು ಜನ, ನಾಲ್ಕು ಕಾರು. ಊಟದ ಹೊತ್ತಿಗೆ ಸರಿಯಾಗಿ ಬಂದು, ಪ್ಲಾಟಿನ ಮುಂದೆ ರಸ್ತೆಯಲ್ಲೇ ಸಾಲಾಗಿ ನಿಲ್ಲಿಸಿದರು. ಹಿಂದೆ ಒಂದು ಬಸ್ಸು ಸಿಕ್ಕಿಬಿತ್ತು. ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ಆಟೋಗಳು. ಆಟೋದವನೊಬ್ಬ ಇಳಿದು ಬಂದು, "ಕ್ಯಾ ಸಾಬ್, ಸಡಕ್ ಆಪ್ ಲೋಗಾಂ ಖರೀದ್ ಲಿಯೇ ಕ್ಯಾ?" ಎಂದು, ರಸ್ತೆಯನ್ನೇನು ಕೊಂಡುಬಿಟ್ಟಿದ್ದೀರಾ ಎಂದು, ಅಧ್ಯಕ್ಷರನ್ನೇ ದಬಾಯಿಸಿದ. ಕಾರ್ಖಾನೆಯ ಮಂದಿ ಸಂದಿಯಲ್ಲಿ ನುಸುಳಿ ಶೆಡ್ಡಿಗೆ ಹೋಗಿ ಉಂಡು, ಬಾಯಿ ಒರೆಸಿಕೊಂಡು ತಿರುಗಿ ಬಂದರೂ ಹಾರ್ನು ನಿಂತಿರಲಿಲ್ಲ.

ಅಷ್ಟು ಜನ ಗಿರಾಕಿಗಳಲ್ಲಿ ಒಬ್ಬನೂ ಕಾರಿನಲ್ಲಿ ಬರಲಿಲ್ಲ. ನೋಡಿದಿರಲ್ಲ ಸರ್ ಎಂದೆ, ಗೆದ್ದವನಂತೆ.

ಟ್ರಾಫಿಕ್ ಅಧಿಕಾರಿ ಕಿವಿ ಮುಚ್ಚಿಕೊಂಡು ಬಸ್ಸು, ಲಾರಿಗಳ ಸಾಲನ್ನೇ ನೋಡುತ್ತಿದ್ದರು. "ನೋಡಿದೆ ರೀ. ಕಟ್ಟಡ ಬರುವ ಮೊದಲೇ ಇಲ್ಲಿ ಇಷ್ಟು ಜಾಮ್ ಇದೆ. ಕಟ್ಟಿದ ಮೇಲೆ ಗತಿ ಏನು?"

೬. ಕೊನೆಯ ಸಭೆ

ಇದೇ ಕೊನೆ, ಇದು ತಪ್ಪಿದರೆ ದಸರೆ ತಪ್ಪಿತು ಎಂಬ ಸಭೆಗೆ ಅಕ್ಕಾರೂ ನನ್ನ ಜೊತೆ ನಾಂಪಲ್ಲಿಗೆ ಬಂದರು. ಒಳಗೆ ಅವರನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಸೆರಗು ಹೊದ್ದು ಕೂತರು.

ನನಗೆ ಅಷ್ಟರಲ್ಲಿ ಸಾಕುಸಾಕಾಗಿತ್ತು. ಏನು ತೆಗೆದರೆ ಪಾಸು ಮಾಡುತ್ತೀರಿ, ಅದನ್ನಾದರೂ ಹೇಳಿಬಿಡಿ ಎಂದು ಪೆನ್ಸಿಲು, ರಬ್ಬರು ಎರಡನ್ನೂ ಮೇಜಿನ ಮೇಲಿಟ್ಟೆ. ಅವರಿಗೆ ಹುರುಪು ಬಂತು.

ಮೂರನೆಯ ಮಹಡಿ ತೆಗೆದರೆ ಕಾರುಗಳು ಕಡಿಮೆಯಾಗುತ್ತವೆ ಎಂದರು ಟ್ರಾಫಿಕ್ಕಿನವರು. ಅಳಿಸಿದೆ. ಎರಡನೆಯದೂ ಹೋದರೆ ಎರಡನೆಯ ಮೆಟ್ಟಿಲನ್ನು ನಾನು ಕೇಳುವುದಿಲ್ಲ ಎಂದರು ಬೆಂಕಿಯವರು. ಮಹಡಿಯನ್ನೂ ಮೆಟ್ಟಿಲನ್ನೂ ಅಳಿಸಿದೆ. ಇಷ್ಟು ಗಿಡ್ಡ ಕಟ್ಟಡಕ್ಕೆ ಮಿನಾರು ಕೆಟ್ಟದಾಗಿ ಕಾಣುತ್ತದೆ ಎಂದರು ಅಧ್ಯಕ್ಷರು. ಅವನ್ನು ಅಳಿಸುವಾಗ ನನಗೂ ಒಂದು ಸುಖ ಸಿಕ್ಕಿತು. ಗಾಜಿನ ಮುಂದೆ ಕರಿಬೇವಿನ ಡಬ್ಬಿ ಒಪ್ಪುವುದಿಲ್ಲ ಎಂದರು ಗಿಡಮರದವರು. ಗಾಜು ಹೋಯಿತು. ಉಳಿದ ಒಂದು ಮೆಟ್ಟಿಲು ಇನ್ನೂ ಅಧ್ಯಕ್ಷರ ಕಣ್ಣು ಚುಚ್ಚುತ್ತಿತ್ತು. "ಒಂದನೆಯ ಮಹಡಿಯೇ ಇಲ್ಲದಿದ್ದರೆ ಮೆಟ್ಟಿಲೂ ಬೇಡ, ವಾಸ್ತುದೋಷವೂ ಇಲ್ಲ" ಎಂದರು. ಉಜ್ಜಿದೆ. ಮಹಡಿಗಳೇ ಇಲ್ಲದ ಮೇಲೆ ಕಾರುಗಳಿಗೆ ಜಾಗ ಯಾರಿಗೆ ಬೇಕು ಎಂದು ಟ್ರಾಫಿಕ್ಕಿನವರೇ ಅದನ್ನೂ ಬಿಟ್ಟರು.

ಕಾಗದದ ಮೇಲೆ ಉಳಿದದ್ದು ನಾಲ್ಕು ಗೋಡೆ, ಒಂದು ಛಾವಣಿ, ಉಣ್ಣುವ ಕೋಣೆ, ಅಡುಗೆಮನೆ. ಮೇಜಿನ ಮೇಲೆಲ್ಲ ರಬ್ಬರಿನ ಪುಡಿ. ನಾಲ್ವರೂ ಬಗ್ಗಿ ನೋಡಿದರು. ಯಾರಿಗೂ ಆಕ್ಷೇಪಣೆ ಇರಲಿಲ್ಲ.

ಅಧ್ಯಕ್ಷರು ಸಹಿ ಮಾಡಲು ಪೆನ್ನು ತೆರೆದರು. ಅಲ್ಲಿಗೇ ನಿಂತರು. ಮತ್ತೊಮ್ಮೆ ನಕ್ಷೆ ನೋಡಿ, ಪೆನ್ನು ಮುಚ್ಚಿದರು.

"ಏನ್ರೀ ಇದು? ಮಹಡಿ ಇಲ್ಲದ ಸಣ್ಣ ಕಟ್ಟಡ ಈ ಸಮಿತಿಗೆ ಬರುವುದೇ ಇಲ್ಲ. ವಾರ್ಡ್ ಆಫೀಸಿನ ಕಿಟಕಿಯಲ್ಲಿ ಕೊಟ್ಟರೆ ಅಲ್ಲೇ ಆಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ್ದೀರಿ, ಅಷ್ಟೂ ಗೊತ್ತಿಲ್ಲವೇ? ಇಷ್ಟು ಸಣ್ಣ ಕೆಲಸಕ್ಕೆ ನಾಲ್ಕು ಜನ ಅಧಿಕಾರಿಗಳ ಟೈಮು ಹಾಳು ಮಾಡಿದಿರಲ್ಲ!"

ನನ್ನ ತಾಳ್ಮೆ ಹರಿಯಿತು. "ಸರ್, ನಾನು ಮಹಡಿಗಳ ಸಮೇತವೇ ತಂದಿದ್ದೆ. ಮೂರನ್ನೂ ತೆಗೆಸಿದವರು ನೀವು!" ಎಂದು ಚೀರಿದೆ.

"ಮತ್ತೆ ಅದನ್ನೇ ಹೇಳುತ್ತಿದ್ದೇನೆ," ಎಂದರು ಅವರು ಶಾಂತವಾಗಿ. "ಮೊದಲೇ ಅವನ್ನು ಅಳಿಸಿಕೊಂಡು ಬಂದಿದ್ದರೆ ಬರುವ ಅಗತ್ಯವೇ ಇರುತ್ತಿರಲಿಲ್ಲ."

ನಕ್ಷೆ ಸುತ್ತಿಕೊಂಡು ಹೊರಗೆ ಬಂದೆ. ಅಕ್ಕಾರು ಬೆಂಚಿನಿಂದ ಎದ್ದು ನಿಂತರು. ನನ್ನ ಮುಖ ನೋಡಿ ಅವರ ಮುಖವೂ ಬಿಳಚಿತು. ಮೂರು ಮಹಡಿ, ಮಿನಾರು, ಗಾಜು, ನಾನು ಬಿಡಿಸಿದ್ದೆಲ್ಲವನ್ನೂ ರಬ್ಬರಿನಿಂದ ಉಜ್ಜಿಸಿದರು ಅಕ್ಕಾರ, ಆ ರಬ್ಬರೂ ಅವರ ಮೇಜಿನ ಮೇಲೇ ಉಳಿಯಿತು ಎಂದೆ. ನಾಳೆ ವಾರ್ಡ್ ಆಫೀಸಿನಲ್ಲಿ ಕೊಟ್ಟರೆ ಸಾಕಂತೆ ಎಂದೂ ಹೇಳಿದೆ. ಅಳಿಯನಿಗೆ ಏನು ಹೇಳುವುದೋ ಎಂದು ತಲೆ ತಗ್ಗಿಸಿದೆ.

ಅಕ್ಕಾರಿಗೆ ಅಳಿಯನ ಚಿಂತೆ ಇದ್ದಂತೆ ಕಾಣಲಿಲ್ಲ. ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದರು. "ಕೆಳಗಿಂದು ಉಳೀತೇನ್ರಿ?"

"ಉಳೀತ್ರಿ."

"ರೊಟ್ಟಿ ಬಡಿಯೋ ಜಾಗಾ?"

"ಅದೂ ಉಳೀತು."

"ಒಲಿ?"

"ಒಲೀನೂ ಐತ್ರಿ. ಪಾಸಾದ ಕೂಡ್ಲೆ ಬುನಾದಿ ಹಾಕಿದರ ದಸರಾಕ್ಕ ಹೊತ್ತತೈತಿ."

ಅಕ್ಕಾರು ನನ್ನ ಕೈಯಲ್ಲಿದ್ದ ನಕ್ಷೆಯನ್ನು ಕಸಿದು ಸೆರಗಿನೊಳಗೆ ಮುಚ್ಚಿಕೊಂಡರು. ಸಮಿತಿಯ ಬಾಗಿಲ ಕಡೆ ಒಮ್ಮೆ ಹೆದರಿ ನೋಡಿ, ನನ್ನ ರಟ್ಟೆ ಹಿಡಿದು ಮೆಟ್ಟಿಲ ಕಡೆ ಎಳೆದರು.

"ಹಂಗಾದ್ರ ಇಲ್ಯಾಕ ನಿಂತೀರಿ ಸಾಹೇಬ್ರ? ಲಗೂ ನಡೀರಿ, ಅವರ ಕೈಯಾಗ ಇನ್ನಾ ರಬ್ಬರ ಐತಿ!"